ಹಿಂಗಾಲು ಮೊದಲು

ದನದ ಕೊಟ್ಟಿಗೆಯ ಬಾಗಿಲನ್ನೇ ನೋಡದವರು ದನ ಹೇಗೆ ಏಳಬೇಕೆಂದು ಪಾಠ ಹೇಳುವ ಕಾಲ ಇದು. ಬಣ್ಣದಮ್ಮನ ಸಿಟ್ಟಿಗೆ ಮೂಲ ಅದೇ. ಮೂವತ್ತು ವರ್ಷದಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತ ಬಂದ ಆಕೆಯನ್ನು ಪ್ರಕಾಶನದ ಕಚೇರಿಯಲ್ಲಿ ಕರೆಯುವುದು ಹಾಗೆ. ಕಂಡಕಂಡವರ ಕತೆಗೆಲ್ಲ ಮೊಲ, ನರಿ, ಆನೆ ಬರೆದುಕೊಟ್ಟವಳು ಈ ಸಲ ತನ್ನದೇ ಒಂದು ಕತೆ ಮಾಡಿದ್ದಳು: ಹಗ್ಗ ಬಿಚ್ಚಿಕೊಂಡು ಓಡಿಹೋದ ತುಂಟ ಕರು, ಅದರ ಒಂದು ದಿನದ ಪಾಡು.

ಹೊದಿಕೆಯ ಮೇಲಿನ ಹೆಸರು ಬಿಟ್ಟರೆ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ. ಯಾಕೆಂದರೆ ಅದು ಅಕ್ಕನಿಗಾಗಿ ಮಾಡಿದ್ದು. ಅಮ್ಮ ಹೋದ ಮೇಲೆ ಹಸು ಸಾಕಿ, ಸಗಣಿ ಬಾಚಿ, ಹಾಲು ಮಾರಿ ತಂಗಿಯನ್ನು ಚಿತ್ರಕಲೆ ಶಾಲೆಗೆ ಕಳಿಸಿದ ಅಕ್ಕ ತಾನು ಮಾತ್ರ ಅಕ್ಷರ ಕಲಿಯಲಿಲ್ಲ. ತಂಗಿಯ ಪುಸ್ತಕಗಳನ್ನೆಲ್ಲ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಾಳೆ, ಒಂದನ್ನೂ ಓದಿಲ್ಲ. ಇದೊಂದನ್ನಾದರೂ ಅಕ್ಕ ಮೊದಲಿಂದ ಕೊನೆತನಕ ತಾನೇ ಓದಬೇಕು. ಬಣ್ಣದಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ.

ಕೊನೆಯ ಪುಟದಲ್ಲಿ ಕರು ಹಳ್ಳಕ್ಕೆ ಬಿದ್ದು ಏಳುತ್ತದೆ. ದನ ಏಳುವುದು ಹಿಂಗಾಲು ಮೊದಲು. ಸೊಂಟ ಮೇಲೆದ್ದರೂ ಮುಂದಿನ ಮಂಡಿ ಇನ್ನೂ ನೆಲದಲ್ಲೇ ಇರುತ್ತದೆ. ಆಕೆ ಹಾಗೇ ಬರೆದಿದ್ದಳು. ಸಂಪಾದಕ ಮೂಗು ಮುರಿದ. ಸಾಹಸಿ ಕರು ಮಂಡಿಯೂರಿದರೆ ಶರಣಾದ ಹಾಗೆ ಕಾಣುತ್ತದಂತೆ. ಎದೆಯೆತ್ತಿ, ಮುಂಗಾಲು ನೆಟ್ಟು ಏಳಬೇಕಂತೆ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ, ಹಾಗಾಯಿತು. ಹಾಗೆ ಏಳುವುದು ಕುದುರೆ, ದನವಲ್ಲ ಎಂದು ಹೇಳಿ ಹೇಳಿ ಆಕೆಯ ಗಂಟಲು ಒಣಗಿತು. ಕೊನೆಗೆ ಐವತ್ತೆಂಟರ ಆ ಹೆಂಗಸು ಕನ್ನಡಕ ತೆಗೆದಿಟ್ಟು, ಕಚೇರಿಯ ನೆಲದ ಮೇಲೆ ಮಂಡಿ ಅಂಗೈ ಊರಿ, ಹಿಂಭಾಗ ಮೊದಲೆತ್ತಿ ಎದ್ದು ತೋರಿಸಿದಳು. ಮೇಜುಗಳ ಹಿಂದಿದ್ದವರು ಬಾಯಿ ಮುಚ್ಚಿಕೊಂಡು ನಕ್ಕರು. ಸಂಪಾದಕನೂ ನಕ್ಕು, ಆಯ್ತು ಬಿಡಿ ಮೇಡಂ, ನಿಮ್ಮಿಷ್ಟ ಎಂದ.

ಆ 'ಆಯ್ತು ಬಿಡಿ'ಯನ್ನು ನಂಬಿದ್ದೇ ತಪ್ಪು. ಅಚ್ಚಾಗಿ ಬಂದ ಪುಸ್ತಕದಲ್ಲಿ ಕರು ಹಿಂಭಾಗ ನೆಲಕ್ಕೂರಿ, ಎದೆ ಸೆಟೆದು, ನಾಯಿಯ ಹಾಗೆ ಕೂತಿತ್ತು. ಆಕೆಗೊಂದು ಮಾತೂ ಹೇಳದೆ ಕಂಪ್ಯೂಟರಿನಲ್ಲಿ ಕಾಲು ತಿದ್ದಿಸಿದ್ದರು. ಬಣ್ಣದಮ್ಮನಿಗೆ ಪಿತ್ತ ನೆತ್ತಿಗೇರಿತು. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು.

"ಮೇಡಂ, ಕಾಲನ್ನ ಯಾರ್ ನೋಡ್ತಾರೆ?" ಎಂದ ಸಂಪಾದಕ.

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ? ಫೋನ್ ಕುಕ್ಕಿದಳು. ಪುಸ್ತಕವನ್ನು ಅಕ್ಕನಿಗೆ ತೋರಿಸಬಾರದೆಂದು ಬಟ್ಟೆಗಳ ಕೆಳಗೆ ತುರುಕಿದಳು. ಆದರೆ ಪ್ರಕಾಶನದವರು ಇನ್ನೊಂದು ಪ್ರತಿಯನ್ನು, ಹಿಂದಿನ ಪುಸ್ತಕಗಳ ಹಾಗೆ, ನೇರ ಅಕ್ಕನ ಮನೆಗೇ ಅಂಚೆಯಲ್ಲಿ ಕಳಿಸಿಬಿಟ್ಟಿದ್ದರು. ಮಾರನೇ ದಿನ ಅಕ್ಕ ಪುಸ್ತಕ ಎತ್ತಿಕೊಂಡು ಬಂದೇಬಿಟ್ಟಳು.

ತಂಗಿಯ ಪಕ್ಕ ಕೂತು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಪುಟ ತಿರುಗಿಸುತ್ತ ಹೋದಳು. ಹಗ್ಗ ಬಿಚ್ಚಿದ ಕಡೆ ಕರುವನ್ನು ಬೈದಳು. ಅದು ಬಕೆಟ್ಟಿಗೆ ತಲೆ ಸಿಕ್ಕಿಸಿಕೊಂಡ ಕಡೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜೀವನದಲ್ಲಿ ಮೊದಲ ಸಲ ಅಕ್ಕ ಓದುತ್ತಿದ್ದಳು. ತಂಗಿಗೆ ಅಳಬೇಕೋ ಯಾರನ್ನಾದರೂ ಹೊಡೆಯಬೇಕೋ ತಿಳಿಯಲಿಲ್ಲ. ಕೊನೆಯ ಪುಟಕ್ಕೆ ಬಂದಾಗ ಅಕ್ಕನ ನಗು ನಿಂತಿತು. ಕರುವಿನ ಬೆನ್ನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದಳು.

"ಪುಟ್ಟೀ, ಇದರ ಸೊಂಟ ಮುರಿದಿದೆ ಕಣೇ. ಇನ್ನಿದು ಏಳಲ್ಲ," ಎಂದಳು. "ಮಕ್ಕಳು ನೋಡೋ ಪುಸ್ತಕದಲ್ಲಿ ಯಾಕೇ ಸಾಯಿಸ್ದೆ?"