ಅಕ್ಕನ ಹಲ್ಲು, ನನ್ನ ಜೇಬಿನ ಬಡೇಸೋಪು

ಹಲ್ಲಿನ ಡಾಕ್ಟರು ಹೇಳಿದ ಮಾತನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಮರೆತು ಅಲ್ಲ — ಬೇಕೆಂದೇ ಮುಚ್ಚಿಟ್ಟೆ. ಎರಡು ವರ್ಷವಾಯಿತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ವಿಜಯಪುರದಿಂದ ಬಂದವನು. ಮಾಟುಂಗದ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಅಕ್ಕ ಸಯನ್‌ನ ಚಾಳಿನಲ್ಲಿ ನನ್ನ ಜೊತೆಗಿದ್ದಾಳೆ. ಬಿಪಿ ಮಾತ್ರೆಯಿಂದ ಅವಳ ಬಾಯಿ ಸದಾ ಒಣಗುತ್ತಿತ್ತು. ಬಿಲ್ಲಿನ ಜೊತೆ ಗಿರಾಕಿಗಳಿಗೆ ಇಡುವ ಸಕ್ಕರೆ ಹಚ್ಚಿದ ಸೋಂಪಿನ ಕಾಳು, ಅಂದರೆ ಬಡೇಸೋಪನ್ನು, ದಿನವೂ ಒಂದು ಹಿಡಿ ಜೇಬಿಗೆ ಹಾಕಿಕೊಂಡು ತರುತ್ತಿದ್ದೆ. ಬಾಗಿಲಲ್ಲೇ ಅಂಗೈ ಚಾಚುತ್ತಿದ್ದಳು. ಮರುದಿನವೆಲ್ಲ ಅದನ್ನೇ ಚೀಪುತ್ತಿದ್ದಳು.

ಒಸಡು ಸರಿದಿದೆಯೆಂದು ತೋರಿಸಲು ಹೋದಾಗ ಡಾಕ್ಟರಮ್ಮ ಹಿಂದಿಯಲ್ಲಿ ನನಗೆ ಬಿಡಿಸಿ ಹೇಳಿದರು. ಅಕ್ಕನಿಗೆ ಹಿಂದಿ ತಿಳಿಯದು. ಹಲ್ಲಿನ ಮೇಲ್ಭಾಗಕ್ಕೆ ಗಟ್ಟಿ ಹೊದಿಕೆ ಇದೆ, ಹುಳುಕು ಅದನ್ನು ಕೊರೆಯಲು ವರ್ಷಗಳೇ ಬೇಕು. ಒಸಡು ಸರಿದು ಹೊರಬಿದ್ದ ಬೇರಿಗೆ ಆ ಹೊದಿಕೆ ಇಲ್ಲ, ಅದು ಮೆತ್ತಗೆ. ಸಿಹಿಯಿಂದ ಬಾಯಲ್ಲಿ ಹುಟ್ಟುವ ಹುಳಿ ಅದನ್ನು ಬೇಗ ಕರಗಿಸುತ್ತದೆ, ಹುಳುಕು ಬೇರಿನ ಸುತ್ತಲೂ ಹಬ್ಬುತ್ತದೆ, ನೋವೂ ಆಗದಿರಬಹುದು. ಇವರಿಗಂತೂ ಆ ಹುಳಿ ತೊಳೆದುಹೋಗಲು ಜೊಲ್ಲೂ ಸಾಲದು — ಸಿಹಿ ಚೀಪುವುದು ಇವತ್ತೇ ನಿಲ್ಲಲಿ ಅಂದರು.

“ಏನಂದ್ರೋ ತಮ್ಮಾ?”

“ಏನಿಲ್ಲಕ್ಕಾ. ನಿನ್ನ ಹಲ್ಲು ಕಲ್ಲಿನಂಗ ಅದಾವಂತ.”

ಯಾಕೆ ಹಾಗಂದೆ? ಆ ಅಂಗೈ... ಅದರಲ್ಲಿಡಲು ನಾನು ತರುತ್ತಿದ್ದುದು ಅದೊಂದೇ. ಹಲ್ಲೂ ಬೆಳ್ಳಗೆ ಹೊಳೆಯುತ್ತಿದ್ದವು — ಸುಮ್ಮನೆ ಹೆದರಿಸುತ್ತಾರೆ ಅಂದುಕೊಂಡು ದಿನವೂ ತರುತ್ತಲೇ ಇದ್ದೆ.

ಮೊನ್ನೆ ಮಧ್ಯಾಹ್ನ ನಾನು ಡ್ಯೂಟಿ ಮುಗಿಸಿ ಬಂದಾಗ ಚಪಾತಿ ಜಗಿಯುತ್ತಿದ್ದ ಅಕ್ಕ ತಟ್ಟನೆ ನಿಲ್ಲಿಸಿದಳು. ಅಂಗೈಗೆ ಏನೋ ಉಗುಳಿದಳು. ಮುಂದಿನ ಹಲ್ಲು! ಬುಡದಲ್ಲಿ ಕತ್ತರಿಸಿದಂತೆ ಮುರಿದಿತ್ತು. ಮೇಲೆ ಅದೇ ಬಿಳುಪು. ಕೆಳಗೆ ಕಂದು, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ. ಒಂದು ದಿನವೂ ನೋವೆಂದಿರಲಿಲ್ಲ ಅವಳು — ಒಂದು ದಿನವೂ!

ಅಕ್ಕ ನಕ್ಕಳು, ಆ ಕಂಡಿಯಿಂದಲೇ. “ಕಲ್ಲಿನಂಗ ಅದಾವಂತ! ಮೊದಲ ಆ ಡಾಕ್ಟರಮ್ಮನ ಬಾಯಿ ತೆರೆಸಿ ನೋಡಬೇಕಲೇ.”

ನಕ್ಕಾಗ ಕಂಡಿತು — ಪಕ್ಕದ ಹಲ್ಲುಗಳ ಬುಡದಲ್ಲೂ ಅದೇ ಕಂದು ಗೆರೆ. ಜೇಬಿನಲ್ಲಿ ಆ ದಿನದ ಬಡೇಸೋಪು ಹಾಗೇ ಇತ್ತು.

ನಾಳೆ ಅದೇ ಡಾಕ್ಟರ ಬಳಿ ಹೋಗುತ್ತಿದ್ದೇವೆ. ಅವರನ್ನು ಬೈಯಲೆಂದೇ ಅಕ್ಕ ಒಳ್ಳೆಯ ಸೀರೆ ತೆಗೆದಿಟ್ಟಿದ್ದಾಳೆ. ದವಾಖಾನೆಯ ಮೆಟ್ಟಿಲು ಹತ್ತುವ ಮುಂಚೆ ಹೇಳುತ್ತೇನೆ — ಆ ಬೈಗುಳ ಯಾರಿಗೆ ಸೇರಬೇಕಾದದ್ದೆಂದು.