ಪೊಲೀಸರ ತಲೆಗೆ ನನ್ನ ಹೆಲ್ಮೆಟ್

ಮಂಡಕ್ಕಿ ಅಂಗಡಿಯ ಬೆಂಚಿನ ಮೇಲಿಟ್ಟಿದ್ದ ನನ್ನ ಗುಲಾಬಿ ಬಣ್ಣದ ಹೆಲ್ಮೆಟ್ಟನ್ನು ಪೊಲೀಸ್ ಪೇದೆಯೊಬ್ಬರು ಎತ್ತಿಕೊಂಡಾಗ ನನ್ನ ಬಾಯಲ್ಲಿ ಮಿರ್ಚಿ ಇತ್ತು.

"ಅಕ್ಕಾರ, ಸರ್ಕಲ್‌ನ್ಯಾಗ ನಮ್ಮ ಸಾಹೇಬ್ರು ನಿಂತಾರ. ಅಲ್ಲೀತನಕ ಕೊಡ್ರಿ, ಯಾರ ಕೈಯಾಗಾರ ವಾಪಸ್ ಕಳಸ್ತೀನಿ" ಎಂದವರೇ ಅದನ್ನು ತಲೆಗೇರಿಸಿ, ಬೈಕ್ ಹತ್ತಿ ಹೊರಟೇಬಿಟ್ಟರು.

ಮುಂದೆ ತಪಾಸಣೆ ಇದ್ದರೆ ಹೀಗೆ ಹೆಲ್ಮೆಟ್ ಕಡ ಪಡೆದು, ಸರ್ಕಲ್ ದಾಟಿದ ಮೇಲೆ ಎದುರು ಬರುವವರ ಕೈಯಲ್ಲಿ ಹಿಂದಿರುಗಿಸುವುದು ನಮ್ಮ ಕೊಟ್ಟೂರಿನ ಕಡೆ ವಾಡಿಕೆ. ಪೊಲೀಸರೇ ಕಡ ಕೇಳಿದ್ದನ್ನು ಮಾತ್ರ ಅಂದೇ ಕಂಡೆ. ಕಾದು ಸಾಕಾಗಿ ಬರಿತಲೆಯಲ್ಲೇ ಸ್ಕೂಟರ್ ಏರಿದೆ. ಸರ್ಕಲ್‌ನಲ್ಲಿ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದವರು ಅದೇ ಪೇದೆ. ದಾಟಿ ಹೋಗುತ್ತಿದ್ದವರನ್ನು ಸಾಹೇಬರು ತಡೆದು, ತಪಾಸಣೆಯ ಕೆಲಸಕ್ಕೆ ಹಚ್ಚಿದ್ದರು. ತಲೆಯ ಮೇಲೆ ನನ್ನ ಹೆಲ್ಮೆಟ್, ಅದರ ಮೇಲೆ ನನ್ನ ಮಗಳು ಅಂಟಿಸಿದ್ದ ಚಿಟ್ಟೆ.

"ಮೇಡಂ, ನಿಮ್ಮ ಹೆಲ್ಮೆಟ್ ಎಲ್ಲೈತ್ರಿ?" ಎಂದರು ಸಾಹೇಬರು.

"ಇವರ ತಲಿಮ್ಯಾಲ ಐತ್ರಿ ಸರ."

ಪೇದೆ ಹೆಲ್ಮೆಟ್ ತೆಗೆದರು. ಅವರ ಕ್ರಾಪಿನಲ್ಲಿ ನಾನು ಮುಡಿದಿದ್ದ ಮಲ್ಲಿಗೆಯ ಎಸಳು ಸಿಕ್ಕಿಕೊಂಡಿತ್ತು. ಸಾಹೇಬರು ನಗಲಿಲ್ಲ. ಸ್ವಂತದ್ದಿಲ್ಲದೆ ಬೈಕ್ ಹತ್ತಿದ್ದಕ್ಕೆ ಅವರಿಗೂ, ಕೊಟ್ಟು ಬಂದದ್ದಕ್ಕೆ ನನಗೂ ದಂಡ ಬರೆದರು.

ಕಾನೂನು ಎಲ್ಲರಿಗೂ ಒಂದೇ ಎಂಬುದು ಅಂದು ನನಗೆ ರಸೀದಿ ಸಮೇತ ಗೊತ್ತಾಯಿತು. ಈಗ ಮಂಡಕ್ಕಿ ತಿನ್ನುವಾಗಲೂ ಹೆಲ್ಮೆಟ್ ನನ್ನ ತೊಡೆಯ ಮೇಲೇ ಇರುತ್ತದೆ. ಆ ಪೇದೆಯೂ ಸ್ವಂತದ್ದೊಂದು ಕೊಂಡಿದ್ದಾರೆ. ನನ್ನನ್ನು ಕಂಡರೆ ಅದರ ಗಾಜು ಇಳಿಸಿಕೊಳ್ಳುತ್ತಾರೆ.