ಸಣ್ಣ ಅಳತೆಯ ಚಿತ್ರ

ಮದುವೆಗಳ ಫೋಟೋ ತೆಗೆಯುವ ನಮ್ಮಣ್ಣ, ಕ್ಯಾಮೆರಾಕ್ಕೆ ಕಣ್ಣಿಟ್ಟರೆ ನಿದ್ದೆಯಲ್ಲಿ ನಡೆಯುವವನಂತೆ ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಅದನ್ನು ನನ್ನ ಕೈಗೆ ಕೊಡುವಾಗಲೆಲ್ಲ, ‘ತಂಗಿ, ಫೋಟೋದ ಅಳತಿ ದೊಡ್ಡದೇ ಇರ್ಲಿ’ ಅನ್ನುತ್ತಿದ್ದ.

ಶಿರವಾಳದ ಮದುವೆಯಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡು ಬೇಗ ತುಂಬಬಾರದೆಂದು ನಾನು ಫೋಟೋಗಳಿಗೆ ಸಣ್ಣ ಅಳತೆ ಇಟ್ಟುಬಿಟ್ಟೆ. ಗೋಡೆಗೆ ಹಾಕಲು ಹಿಗ್ಗಿಸಿದಾಗ ಮದುಮಗಳ ಮುಖ ನೀರಿನೊಳಗಿನ ನೆರಳಿನಂತೆ ಕದಡಿಹೋಯಿತು.

‘ಅಳತಿ ಯಾರು ಬದಲ್ ಮಾಡ್ಯಾರ?’ ಎಂದು ಅಣ್ಣ ಕೇಳಿದ.

‘ತಾನಾಗೇ ಆಗ್ಯಾದಣ್ಣ’ ಅಂದೆ.

ಅವನು ನಂಬಿ, ಅಷ್ಟು ಪ್ರೀತಿಯ ಕ್ಯಾಮೆರಾವನ್ನೇ ಮಾರಿದ. ಹೊಸದನ್ನು ಆರಿಸಲು ಇಬ್ಬರೂ ಯಾದಗಿರಿಯ ಅಂಗಡಿಗೆ ಹೋದೆವು.

‘ತಾನಾಗೇ ಅಳತಿ ಬದಲ್ ಮಾಡಲಾರದ್ದು ಕೊಡ್ರಿ’ ಅಂದ.

ಅಂಗಡಿಯವರು ನಕ್ಕರು. ‘ನಿಮ್ಮ ಕ್ಯಾಮೆರಾಕ್ಕೇನು ದೆವ್ವ ಬಡದಿತ್ತೇನ್ರಿ?’

ನಾನು ಗಾಜಿನೊಳಗಿನ ಕ್ಯಾಮೆರಾಗಳನ್ನು ನೋಡತೊಡಗಿದೆ.

‘ನಗಬ್ಯಾಡ್ರಿ’ ಅಂದ ಅಣ್ಣ, ‘ನಮ್ಮ ತಂಗಿ ಸುಳ್ಳು ಹೇಳಂಗಿಲ್ಲ.’